ಬೆಕ್ಕಿಗೊಂದು ತಾರ್ಲೆ

ಕೋಡಿಬಾಗದಿಂದ ಬೈತಖೋಲದವರೆಗೆ
ಇಪ್ಪತ್ತೆಂಟು ವರ್ಷ ಸೈಕಲ್ ತುಳಿದವನು ನಾನು,
ಪಿಗ್ಮಿ ಪೆಡ್ನೇಕರ್.
ಕಂಕುಳಲ್ಲಿ ರೆಕ್ಸಿನ್ ಚೀಲ, ಕಿಸೆಯಲ್ಲಿ ಕಾರ್ಬನ್ ಹಾಳೆ,
ಬಾಯಲ್ಲಿ ಒಂದೇ ಪಾಠ: ಹನಿ ಹನಿ ಕೂಡಿದರೆ…
ಹಳ್ಳ ಬರುವ ಮೊದಲೇ ಶೇವಂತಿ ಹರಿಕಂತ್ರ
ಹತ್ತರ ನೋಟು ಚಾಚುವಳು,
ಅಂಚಿಗೆ ಹುರುಪೆ ಅಂಟಿದ ನೋಟು.

ಆಗ ಹತ್ತಕ್ಕೆ ಆರು ಬಂಗಡೆ.
ಎಣಿಸಿ ಹಾಕಿ, ಮೇಲೊಂದು ತಾರ್ಲೆ ಎಸೆದು
'ಇದು ನಿಮ್ಮ ಬೆಕ್ಕಿಗೆ' ಎನ್ನುವಳು.

ತೊಂಬತ್ತಾರರ ಮಳೆ ಮುಗಿದ ವಾರ
ಸೆರಗಿನ ಗಂಟು ಬಿಚ್ಚಿದಳು. ಇಪ್ಪತ್ತು ಸಾವಿರ.
'ಶಿರಸಿಗೆ ಮೀನು ಒಯ್ಯೋ ಹಳೆ ಟೆಂಪೋ ಒಂದಿದೆ,
ಅರ್ಧ ಪಾಲು ಕೊಡ್ತಾರಂತೆ.
ಕೊಳ್ಳಲಾ ಬಾಬಾ, ಇಡಲಾ?'
ಗಂಟಲು ಸರಿಮಾಡಿಕೊಂಡು, ಸೊಸೈಟಿಯ ದನಿಯಲ್ಲಿ ಹೇಳಿದೆ:
ಇಡು. ಒಂಬತ್ತು ವರ್ಷಕ್ಕೆ ಡಬಲ್.
ಆ ತಿಂಗಳ ನನ್ನ ಟಾರ್ಗೆಟ್ಟಿಗೆ ಹದಿನೆಂಟು ಸಾವಿರ ಕಡಿಮೆಯಿತ್ತು.
ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

ಟೆಂಪೋ ಚೆಂಡಿಯಾದ ಕಿಂದಳಕರ್ ಪಾಲಾಯಿತು.
ನಾಲ್ಕು ವರ್ಷ ಓಡಿ, ದೇವಿಮನೆ ಘಟ್ಟದ ತಿರುವಿನಲ್ಲಿ ಮಗುಚಿತು.
ಡ್ರೈವರ್ ಉಳಿದ. ವಾರವಿಡೀ ಕಾಡೆಲ್ಲ ಮೀನು ನಾತ.
ಸುದ್ದಿ ಹೊತ್ತು, ಯಾವತ್ತೂ ಇಲ್ಲದ ಜೋರಿನಲ್ಲಿ ಪೆಡಲ್ ಒತ್ತಿದೆ:
ನೋಡಿದ್ಯಾ ಶೇವಂತಿ?
ಅವಳು ಇಸವಣದ ಹೊಟ್ಟೆ ಸೀಳುತ್ತ ಅಂದಳು:
'ಅವತ್ತು ಸಂಕಷ್ಟಿ. ಮೀನು ಯಾರು ತಗಳ್ತಾರೆ?
ನಂದಾಗಿದ್ರೆ ಗಾಡಿ ಬಿಡ್ತಿರಲಿಲ್ಲ.'

ಕೊಳ್ಳದ ಟೆಂಪೋಗೆ ಪಂಕ್ಚರ್ ಇಲ್ಲ,
ಡೀಸೆಲ್ ಇಲ್ಲ, ಚೆಕ್‌ಪೋಸ್ಟಿನಲ್ಲಿ ಕೈ ಬಿಸಿ ಮಾಡುವುದಿಲ್ಲ.
ದಿನಾ ಬೆಳಗಿನ ಜಾವ ಐಸಿನ ನೀರು ಸೋರುತ್ತ
ಘಟ್ಟ ಹತ್ತುತ್ತಲೇ ಇರುತ್ತದೆ.
ಅದರ ಹಾರ್ನು ನನಗೂ ಕೇಳತೊಡಗಿತ್ತು.

ಒಂಬತ್ತು ವರ್ಷ ತುಂಬಿದ ದಿನ
ನಲವತ್ತು ಸಾವಿರ, ಹೊಸ ನೋಟು, ಸೊಸೈಟಿಯ ಚಹ.
ಎರಡು ಸಲ ಎಣಿಸಿದಳು. ಆಮೇಲೆ ಬೆರಳ ಗೆಣ್ಣು ಎಣಿಸಿದಳು.
'ಬಾಬಾ, ನಾನು ಇಟ್ಟದ್ದು ಹನ್ನೆರಡು ಸಾವಿರ ಬಂಗಡೆ.
ಇವತ್ತು ಒಂದಕ್ಕೆ ನಾಕು ರೂಪಾಯಿ.
ನೀವು ಕೊಟ್ಟದ್ದು ಹತ್ತು ಸಾವಿರ.
ಉಳಿದ ಎರಡು ಸಾವಿರ ಯಾವ ಬೆಕ್ಕು ತಿಂತು?'

ಲೆಡ್ಜರಿನಲ್ಲಿ ಆ ಬೆಕ್ಕಿಗೆ ಕಾಲಂ ಇರಲಿಲ್ಲ.
ಮ್ಯಾನೇಜರ್ ಫ್ಯಾನು ನೋಡಿದರು.
ಬೆಲೆಯೇರಿಕೆ ಎಂದು ನಾನು ಶುರುಮಾಡಿದೆ, ದೆಹಲಿಯವರೆಗೂ ಹೋದೆ.
ಅವಳು ಕೈ ಎತ್ತಿ ತಡೆದಳು:
'ಬಡ್ಡಿ ಅಂದ್ರೆ ಐಸು, ಅಲ್ವಾ?
ಐಸು ಮೀನನ್ನ ದೊಡ್ಡದು ಮಾಡೂದಿಲ್ಲ,
ಕೊಳೆಯೂದನ್ನ ತಡ ಮಾಡ್ತದೆ.
ನಿಮ್ಮ ಐಸು ತೆಳು, ನಮ್ಮ ಬಿಸಿಲು ಜೋರು. ಅಷ್ಟೇ.'
ಬೈಗುಳವಿಲ್ಲ. ಚಹ ಕುಡಿದು ಹೋದಳು.
ಮರುದಿನ ನಾನು ಹೋದಾಗ
ಹತ್ತರ ಬದಲು ಇಪ್ಪತ್ತರ ನೋಟು.
ಯಾಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಈಗ ಅವಳ ಬುಟ್ಟಿಯ ಪಕ್ಕ ಚೌಕುಳಿ ಚಿತ್ರದ ರಟ್ಟು,
ದುಡ್ಡು ಬಂದಾಗ ಡಬ್ಬಿಯೊಂದು ಕೂಗುತ್ತದೆ.
ಕಳೆದ ಶನಿವಾರ ನನ್ನ ಕೊನೆಯ ಸುತ್ತು.
ಪಾಸ್‌ಬುಕ್ಕಿಗೆ ಸಹಿ ಹಾಕುವಾಗ
ಅವಳು ನನ್ನ ಮೊಣಕಾಲನ್ನೇ ನೋಡುತ್ತಿದ್ದಳು.
'ಈ ಕಾಲು ನಮ್ಮ ಹಿಂದೆ ತಿರುಗದೇ ಇದ್ದಿದ್ರೆ
ಮತ್ತೆಲ್ಲಿಗೆ ಹೋಗ್ತಿತ್ತು ಬಾಬಾ?'

ರೂಪಾಯಿಗೆ ಮೂರು ಪೈಸೆ ಕಮಿಷನ್ನಿನಂತೆ
ಊರಿನ ಉಳಿತಾಯವೆಲ್ಲ ಬಾಯಿಪಾಠ ಇದ್ದವನಿಗೆ
ಈ ಲೆಕ್ಕ ಬರಲಿಲ್ಲ.
ಬಂದರಿನ ಮೆಟ್ರಿಕ್ ಗುಮಾಸ್ತಿಕೆ ಒಮ್ಮೆ ಕರೆದಿತ್ತು;
ಹೊಲಿಗೆ ಯಂತ್ರದ ಅಂಗಡಿ ಹಾಕೋಣ ಎಂದಿದ್ದಳು ಮಂಗಲಾ.
ಅವೂ ಎಲ್ಲೋ ಘಟ್ಟ ಹತ್ತುತ್ತಿರಬೇಕು.

ನೂರರ ನೋಟು ಕೊಟ್ಟೆ. ಐದು ಬಂಗಡೆ.
ಕಾಗದ ಸುತ್ತುವ ಮುಂಚೆ, ಕಣ್ಣೆತ್ತದೆ,
ಮೇಲೊಂದು ತಾರ್ಲೆ:
'ಬೆಕ್ಕಿಗೆ.'

ಬೆಕ್ಕು ಸತ್ತು ಹನ್ನೊಂದು ವರ್ಷ.
ನಾನು ಹೇಳಿಲ್ಲ.