ಹನ್ನೊಂದು ತಿಂಗಳು

ಧಾರವಾಡದ ಕೋರ್ಟಿನ ಕಂಪೌಂಡಿಗೆ ಬೆನ್ನು ಹಚ್ಚಿ
ಹುಣಸೀ ನೆರಳಾಗ ನನ್ನ ಟೇಬಲ್ಲು,
ಒಂದು ಕಾಲಿನ ಬುಡಕ್ಕ ಹೆಂಚಿನ ಚೂರು.
ಕಂಪ್ಯೂಟರಿನವರು ರಸ್ತೆದ ಆಚೆ ಕುಂತಾರ,
ನನಗಿನ್ನೂ ಈ ಹಳೇ ಮಷೀನು.
'ಳ' ಹೊಡದ್ರ ಅರ್ಧಾ ಬೀಳತೈತಿ,
ಅದಕ್ಕ ನಾ ಬರದ ಎಲ್ಲಾ ಬಾಡಗಿ ಪತ್ರದಾಗೂ
ತಿಂಗಳು ಒಂಚೂರು ಕುಂಟತೈತಿ.

ಹನ್ನೊಂದೇ ತಿಂಗಳು. ಹನ್ನೆರಡಾದ್ರ
ನೋಂದಣಿ ಆಗಬೇಕು, ರೊಕ್ಕ ಕಟ್ಟಬೇಕು,
ಯಾರು ಎಲ್ಲಿ ಮಲಗತಾರಂತ ಸರಕಾರಕ್ಕ ಗೊತ್ತಾಗಬೇಕು.
ಹಿಂಗಾಗಿ ವರ್ಷದಾಗ ಒಂದು ತಿಂಗಳು
ಈ ಊರಾಗ ಯಾರೂ ಎಲ್ಲೂ ಇರೂದಿಲ್ಲ.

ಮೊನ್ನೆ ಲಾ ಕಾಲೇಜಿನ ಸುಕನ್ಯಾ ಹೊಂಗಲ ಬಂದಿದ್ದಳು,
ಇಂಗ್ಲಂಡಿನ ಹೊಸಾ ಕಾನೂನಿನ ಮ್ಯಾಲೆ ಎಂಟು ಪಾನು.
ಆಕಿ ಓದಿದಳು, ನಾ ಹೊಡದೆ:
ಕಾರಣ ಹೇಳಲಾರದ ಮನಿ ಬಿಡಿಸೂ ಕಲಮು ಹೋತು.
ಮಾರತೇನಂತ ಹೇಳು, ನಾನ ಇರತೇನಂತ ಹೇಳು,
ಹೇಳಿದ ಮ್ಯಾಲೂ ನಾಕ ತಿಂಗಳು ತಾಳು.
ಬಾಡಗಿ ಏರಸೂದು ವರ್ಷಕ್ಕ ಒಮ್ಮೆ ಅಷ್ಟ.
ಬೆಕ್ಕು ಸಾಕತೇನಂದ್ರ ಸುಮ್ಮ ಸುಮ್ಮನ ಒಲ್ಲೆ ಅನಬ್ಯಾಡ.
"ಬೆಕ್ಕಿಗೂ ಕಲಮು?" ಅಂದೆ.
ಆಕಿ ನಗಲಿಲ್ಲ. "ಮುಂದ ಹೊಡೀರಿ" ಅಂದಳು.

ನಮ್ಮ ಕಾನೂನೆಲ್ಲ ಅವರ ಹೊಲದ ಅಂಗಿ ಅಂತಿದ್ದರು
ಹಳೇ ವಕೀಲರು. ಅವರು ಅಂಗಿ ಬದಲಿಸ್ಯಾರ.
ನಾವು ಗುಂಡಿ ಹಚ್ಚಕೋತ ಕುಂತೇವಿ.

ಇವತ್ತ ಬಂದವರು ಸವಡಿ ಮಾಲಕರು. ಅವರ ಹಿಂದ
ಸಿವಿಲ್ ಆಸ್ಪತ್ರಿ ನರ್ಸ್ ಎಸ್ತೇರಮ್ಮ,
ರಾತ್ರಿ ಪಾಳಿ ಮುಗಿಸಿ ನೆಟ್ಟಗ ಬಂದಾಕಿ, ಕಣ್ಣು ಕೆಂಪ.
ನೀವು ಯಾರ ಪೈಕಿ ಅಂತ ಸವಡಿಯವರು ಕೇಳಲಿಲ್ಲ.
ಒಲಿ ಮ್ಯಾಲೆ ಏನೇನ ಕುದಿತೈತಿ ಅಂತ ಕೇಳಿದರು.
"ಅನ್ನ" ಅಂದಳು ಆಕಿ.

ಏಳನೇ ಕಲಮು ನನ್ನ ಬೆರಳಿಗೆ ಬಾಯಿಪಾಠ:
'ಮಾಲಕರು ಬೇಕೆಂದಾಗ ಯಾವ ತಕರಾರಿಲ್ಲದೆ
ಖಾಲಿ ಮಾಡಿ ಕೊಡತಕ್ಕದ್ದು.'
ಮೂವತ್ತು ವರ್ಷ ಹೊಡದೇನಿ,
ನನ್ನ ಮನಿ ಪತ್ರಕ್ಕೂ ನಾನ ಹೊಡದೇನಿ.
ಇವತ್ತ ಏನಾತೋ,
'ಬೇಕೆಂದಾಗ' ಮುಗದ ಮ್ಯಾಲೆ
'ಕಾರಣ ಹೇಳಿ' ಅಂತ ಎರಡು ಶಬ್ದ ಬಿದ್ದೂವು.

ಸವಡಿಯವರು ಚಸ್ಮಾ ಏರಿಸಿದರು.
"ಇದೇನ್ರಿ ಹೊಸಾದು?"
"ಟೈಪಿಂಗ್ ತಪ್ಪರಿ" ಅಂದೆ.
ಎಷ್ಟ ಲಗೂನ ಅಂದೆ!
ವೈಟ್ನರ್ ಹಚ್ಚಿದೆ, ಊದಿ ಒಣಗಿಸಿದೆ.
ಎಸ್ತೇರಮ್ಮ ಆ ಬಿಳೇ ಪಟ್ಟೀನ ನೋಡಕೋತ ನಿಂತಿದ್ದಳು,
ಬ್ಯಾರೆ ಯಾರೋ ಕಟ್ಟಿದ ಬ್ಯಾಂಡೇಜು ನೋಡಿದಂಗ.
ಸಹಿ ಮಾಡಿದಳು. ಕೇಳಿದ್ದು ಒಂದ ಮಾತು:
"ನಳ ಯಾವಾಗ ಬರತಾವ್ರಿ?"
"ಎಂಟು ದಿನಕ್ಕೊಮ್ಮೆ, ಕೆಲವೊಮ್ಮೆ ಹತ್ತು.
ಕಾರಣ ಯಾರೂ ಹೇಳೂದಿಲ್ಲ" ಅಂದರು ಸವಡಿಯವರು.

ಸಂಜೀಕ ಮನೀಗೆ ಹೋಗಿ ಕೈ ತೊಳಕೊಂಡೆ.
ಹೆಬ್ಬೆರಳಿನ ಉಗುರಿಗೆ ಹತ್ತಿದ ಬಿಳೇದು ಹೋಗವಲ್ದು.
ಮ್ಯಾಲಿನ ಮಹಡಿಯಿಂದ ನಮ್ಮ ಮಾಲಕರ
ಚಪ್ಪಲಿ ಸಪ್ಪಳ ಇಳಿತಿತ್ತು, ಒಂದೊಂದ ಮೆಟ್ಟಲಾ.
ಇದು ಎಷ್ಟನೇ ತಿಂಗಳಂತ ಎಣಿಸಿದೆ.
ಒಂಬತ್ತು.