ಹೊತ್ತು ಹಿಡಿದವನ ಲೆಕ್ಕ

ಮೂವತ್ತೊಂದು ವರ್ಷ ನಾನು ಲಾರಿ ತೂಗಿದವನು,
ಉತ್ತರ ಡಕೋಟದ ಬಯಲಲ್ಲಿ, ರೈಲುಹಳಿಯ ಪಕ್ಕದ ಗೋಧಿ ಕಣಜದಲ್ಲಿ.
ತುಂಬಿ ಬಂದಾಗ ಒಮ್ಮೆ, ಸುರಿದು ಹೋಗುವಾಗ ಒಮ್ಮೆ,
ಎರಡನ್ನೂ ಕಳೆದರೆ ಉಳಿದದ್ದು ಗೋಧಿ.
ಇಷ್ಟೇ ನನಗೆ ಬರುತ್ತಿದ್ದ ಗಣಿತ.

ಅದಕ್ಕೇ ಇರಬೇಕು, ಕೃಷಿ ಪಾಠದ ಹಾಲ್ವರ್ಸನ್ ಮೇಷ್ಟ್ರು ಫೋನು ಮಾಡಿ
"ಆರ್ವಿಡ್, ಭಾಷಣ ಸ್ಪರ್ಧೆಗೆ ಹೊತ್ತು ಹಿಡಿಯುವವರು ಬೇಕು.
ನೀನು ಯಾರ ಮುಖ ನೋಡಿಯೂ ತೂಗಿದವನಲ್ಲ" ಎಂದದ್ದು.

ಮಾರ್ಚ್ ತಿಂಗಳು. ಶಾಲೆಯ ಊಟದ ಮನೆ.
ಬೆಂಚುಗಳನ್ನು ಮಡಚಿ ಗೋಡೆಗೆ ಒರಗಿಸಿದ್ದಾರೆ,
ನೆಲದ ತುಂಬ ಬೂಟುಗಳು ಹೊತ್ತು ತಂದ ಕೆಸರು ಹಿಮ.
ಮೂವರು ತೀರ್ಪುಗಾರರು: ಬ್ಯಾಂಕಿನವಳು, ಬೀಜದ ಅಂಗಡಿಯವನು,
ಹೋದ ವರ್ಷ ಗೆದ್ದು ಈಗ ಕಾಲೇಜಿನಲ್ಲಿರುವ ಒಬ್ಬ ಹುಡುಗ.
ನನ್ನ ಕೈಗೊಂದು ಸ್ಟಾಪ್‌ವಾಚು, ಮೂರು ರಟ್ಟು:
ಎರಡು ನಿಮಿಷ, ಒಂದು ನಿಮಿಷ, ಸಾಕು.
ಎಂಟು ನಿಮಿಷ ದಾಟಿದರೆ ಸೆಕೆಂಡಿಗೊಂದು ಅಂಕ ಕಡಿತ.
ಕೊಡುವ ಅಧಿಕಾರ ನನಗಿಲ್ಲ.
ಕಳೆಯುವುದು ಮಾತ್ರ.

ನೀಲಿ ಕಾರ್ಡುರಾಯ್ ಜಾಕೆಟ್ಟಿನ ಮಕ್ಕಳು
ಕಾರಿಡಾರಿನ ಲಾಕರುಗಳ ಎದುರು ನಿಂತು
ತಂತಮ್ಮ ತಗಡಿಗೆ ಭಾಷಣ ಮಾಡುತ್ತಿದ್ದರು.
ಒಬ್ಬ ಬೀಗದ ಕಡೆ ಕೈ ಚಾಚಿ "ನಾಯಕತ್ವವೆಂದರೆ" ಎಂದ.
ಬೀಗ ಒಪ್ಪಿದಂತಿತ್ತು.

ಮೊದಲು ಕೋಲ್ಬಿ ರಾಂಗ್‌ಸ್ಟಾಡ್.
ಏಳು ನಿಮಿಷ ಐವತ್ತೆಂಟು ಸೆಕೆಂಡು.
ರಫ್ತು, ಸುಂಕ, ಉಪಗ್ರಹ, ಇನ್ನೂ ಹುಟ್ಟದ ಜನರಿಗೆ ಅನ್ನ.
ಕೈ ಏಳಬೇಕಾದಲ್ಲಿ ಎದ್ದಿತು, ಇಳಿಯಬೇಕಾದಲ್ಲಿ ಇಳಿಯಿತು,
ಒಂದು ಕಾಳೂ ಕೆಳಗೆ ಬೀಳಲಿಲ್ಲ.
ಒಳ್ಳೆಯ ಹುಡುಗ. ಅವನಪ್ಪನ ಲಾರಿಯೂ ಹಾಗೇ,
ತಾಡಪಾಲು ಬಿಗಿದುಕೊಂಡೇ ಬರುತ್ತಿತ್ತು.

ನಾಲ್ಕನೆಯವಳು ಟೆಸ್ಸಾ ಫೈಸ್ಟ್.
ಜಾಕೆಟ್ಟು ಅಕ್ಕನದು. ಎದೆಯ ಮೇಲಿನ ಹೆಸರು ಬಿಚ್ಚಿ ತನ್ನದು ಹೊಲಿದಿದ್ದಾಳೆ,
ಹಳೆಯ ಹೆಸರಿನ ಸೂಜಿತೂತುಗಳು ಬೆಳಕಿಗೆ ಕಾಣುತ್ತಿದ್ದವು.
ಕಣ್ಣ ಕೆಳಗೆ, ಹಸುಗಳು ಈಯುವ ಕಾಲದ ಕಪ್ಪು.
ವಿಷಯ: ಮಣ್ಣಿಗೇರುವ ಉಪ್ಪು.
ಮೂರು ನಿಮಿಷ ಚೆನ್ನಾಗಿಯೇ ಹೋಯಿತು.
ತಗ್ಗಿನ ಹೊಲದಲ್ಲಿ ಬಿಳುಪು ಹೇಗೆ ಮೇಲೆ ಬರುತ್ತದೆ,
ನೀರು ಹೋಗುವಾಗ ಏನನ್ನು ಬಿಟ್ಟು ಹೋಗುತ್ತದೆ...
ಆಗ ಹೊರಗೆ, ವಾಹನಗಳ ಸಾಲಿನಿಂದ,
ಅಂಬಾ.

ಎಲ್ಲರೂ ಕೇಳಿಸದವರಂತೆ ಕೂತರು.
ಮತ್ತೊಮ್ಮೆ. ಈ ಸಲ ಉದ್ದಕ್ಕೆ.
ಅವಳು ನಿಂತುಬಿಟ್ಟಳು.
ಮೌನಕ್ಕೂ ಮುಳ್ಳು ಓಡುತ್ತದೆ, ಅದು ನಿಯಮ.
ಬಾಯಿ ಎಲ್ಲಿದ್ದೆನೆಂದು ತಡಕಾಡುತ್ತಿತ್ತು,
ಕಿವಿ ಮಾತ್ರ ಕಿಟಕಿಯಾಚೆ.
ಹತ್ತೊಂಬತ್ತನೆಯ ಸೆಕೆಂಡಿಗೆ ಹೇಳಿದಳು:
"ಕ್ಷಮಿಸಿ, ಅದು ನಮ್ಮದು. ಅದರ ತಾಯಿ ಬೆಳಗಿನ ಜಾವ ಸತ್ತಿತು.
ಹತ್ತಕ್ಕೆ ಬಾಟಲಿ ಕೊಡಬೇಕಿತ್ತು, ಈಗ ಹತ್ತೂ ಇಪ್ಪತ್ತು."

ಆಮೇಲೆ ಉಪ್ಪಿಗೆ ಮರಳಿದಳು,
ಬಿಟ್ಟ ಸಾಲನ್ನೇ ಹಿಡಿದು, ಒಂದು ಪದ ತಪ್ಪದೆ.
ಮಾತು ಓಡಿಸಬಹುದಿತ್ತು. ಓಡಿಸಲಿಲ್ಲ.
ನಾನು "ಸಾಕು" ಎತ್ತಿ ಹಿಡಿದೆ. ರಟ್ಟು ನಡುಗಿತು, ವಯಸ್ಸಿಗೆ ಅನ್ನಿ.
ಎಂಟು ನಿಮಿಷ ಹನ್ನೊಂದು ಸೆಕೆಂಡು.

ಬೀಜದವನು ನನ್ನತ್ತ ಬಗ್ಗಿದ:
"ಆ ಹತ್ತೊಂಬತ್ತನ್ನು ಬಿಟ್ಟುಬಿಡು ಮಾರಾಯ. ಯಾರು ಕೇಳುತ್ತಾರೆ?"
ಯಾರೂ ಕೇಳರು.
ತಕ್ಕಡಿಯ ಮೇಲೆ ಕಾಲಿಟ್ಟು ಭಾರ ಹೆಚ್ಚಿಸಿಕೊಂಡ ರೈತರನ್ನು ಕಂಡಿದ್ದೇನೆ,
ಇಳಿಯಿರಿ ಎಂದಿದ್ದೇನೆ, ನನ್ನ ತಮ್ಮನಿಗೂ.
ಹನ್ನೊಂದು ಎಂದೇ ಬರೆದೆ.

ಫಲಿತಾಂಶಕ್ಕೆ ಇನ್ನೂ ಹೊತ್ತಿತ್ತು, ಗಾಳಿಗೆ ಹೊರಬಂದೆ.
ಪಿಕಪ್ಪಿನ ಹಿಂದೆ ಹುಲ್ಲಿನ ಮೇಲೆ ಮಂಡಿಯೂರಿ ಅವಳು,
ಜಾಕೆಟ್ಟನ್ನು ಒಳಮಗ್ಗುಲು ಹೊರಗೆ ಮಾಡಿ ಮಡಚಿಟ್ಟು,
ತೀರ್ಪುಗಾರ್ತಿಯ ಪ್ರಶ್ನೆಗೆ ಒಳಗೆ ಹೊಳೆಯದ ಉತ್ತರವನ್ನು
ಕರುವಿಗೆ ಹೇಳುತ್ತಿದ್ದಳು, ವಿವರವಾಗಿ, ಅಂಕಿಅಂಶ ಸಹಿತ.
ನನ್ನನ್ನು ಕಂಡು: "ಎಷ್ಟು ಹೆಚ್ಚಾಯಿತು?"
"ಹನ್ನೊಂದು."
"ಇಪ್ಪತ್ತಾದರೂ ಆಗಿರುತ್ತದೆ ಅಂದುಕೊಂಡಿದ್ದೆ."
ಒಳಗಿಂದ ಮೇಷ್ಟ್ರು ಕೂಗಿದರು.
"ಇದನ್ನೊಂದು ಚೂರು ಹಿಡಿಯಿರಿ, ಓರೆಯಾಗಿ" ಎಂದು
ಬಾಟಲಿ ಕೊಟ್ಟು, ಜಾಕೆಟ್ಟು ತೊಡುತ್ತ ಓಡಿದಳು.

ಹಿಡಿದೆ.
ಕೈಯಲ್ಲಿ ಭಾರ ಇಳಿಯುತ್ತ ಬಂತು, ಗುಟುಕು ಗುಟುಕಾಗಿ,
ನೋಡಲು ಮುಳ್ಳಿಲ್ಲ, ಬರೆಯಲು ಚೀಟಿಯಿಲ್ಲ.
ಒಳಗೆ ಚಪ್ಪಾಳೆ. ಕೋಲ್ಬಿಗೇ ಇರಬೇಕು.
ಕರು ನನ್ನ ಬೆರಳನ್ನೂ ಸೇರಿಸಿ ಚೀಪುತ್ತಿತ್ತು.