ಎರಡೆಳೆ ಪಾಕ

ಜನವರಿ. ರಾತ್ರಿ ಒಂದು ಗಂಟೆ.
ಬ್ರಸೆಲ್ಸಿನ ಪಶ್ಚಿಮಕ್ಕೆ, ಬಸ್ಸು ತಿರುಗಿ ಹೋಗುವ ಕೊನೆಯ ಊರಿನಲ್ಲಿ
ಅಟ್ಟದ ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದಾಳೆ ಗೋಡೆಲೀವೆ.
ತಾಮ್ರದ ಅಗಲ ಹರಿವಾಣದಲ್ಲಿ, ಒಂದೂವರೆ ಗೇಣು ಆಳ,
ಗೋಧಿ, ಬಾರ್ಲಿಯ ಕಷಾಯ ಹಬೆಯಾಡುತ್ತಿದೆ.
ಯಾರನ್ನೂ ಕರೆದಿಲ್ಲ. ಬರುವವರು ಬರುತ್ತಾರೆ,
ಸೆನ್ನೆ ಹೊಳೆಯ ಮೇಲಿಂದ, ಪಕ್ಕದ ಪಿಯರ್ ತೋಟದಿಂದ,
ತೊಲೆಯ ಬಿರುಕಿನಿಂದ, ಕಣ್ಣಿಗೆ ಕಾಣದ ನೆಂಟರು.
ಹೆಪ್ಪು ಬೇಕಾದವರು ಬಟ್ಟಲು ಹಿಡಿದು
ನೆರೆಮನೆಗೆ ಹೋಗುವುದುಂಟು.
ಇವಳು ಬಟ್ಟಲನ್ನೇ ಸೂರಿನಡಿ ಇಟ್ಟು
ಊರಿಗೆ ಊರೇ ಹೆಪ್ಪು ಹಾಕಲಿ ಎಂದು ಕಾಯುತ್ತಾಳೆ.

ಜೇಡರ ಬಲೆ ತೆಗೆಯಕೂಡದು, ಇಲ್ಲಿನ ಕಾನೂನು.
ಹಣ್ಣಿನ ನೊಣಕ್ಕೆ ಜೇಡವೇ ಕಾವಲು.
ಕೆಲಸಕ್ಕೆ ಸೇರಿದ ದಿನ ವಾನ್ನೆಸ್
ಪೊರಕೆ ಹಿಡಿದು ಅಟ್ಟ ಹತ್ತಿ ಬೈಸಿಕೊಂಡಿದ್ದ.

ಮರುವರ್ಷ ಜುಲೈಯಲ್ಲಿ ಚೆರ್ರಿ ಬಂತು,
ಸೈಕಲ್ಲಿನ ಬುಟ್ಟಿಗಳಲ್ಲಿ, ಮುದುಕರ ಬಕೆಟ್ಟುಗಳಲ್ಲಿ,
ಒಮ್ಮೆ ಕೂಸಿನ ತಳ್ಳುಗಾಡಿಯಲ್ಲಿ.
ಅಂಗಡಿಗೆ ಬಾರದ ಸಣ್ಣ ಹಣ್ಣು, ಕಪ್ಪು, ಕಡುಹುಳಿ,
ತಿಂದರೆ ಒಂದು ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ.
ತೊಟ್ಟು ಬಿಡಿಸಿ, ಬೀಜ ಬಿಟ್ಟು,
ಒಂಬತ್ತನೇ ಪೀಪಾಯಿಗೆ ಸುರಿದರು.
ಮೊಣಕೈವರೆಗೆ ಕೆಂಪು.
ಅಂಚೆಯವನು ಹೆದರಿ, ಯಾರಿಗೇನಾಯಿತು ಎಂದ.

ಸೆಪ್ಟೆಂಬರಿಗೆ ಬಿಯರು ಕಾಯಿಲೆ ಬಿತ್ತು.
ಹಾಗೆಯೇ ಅನ್ನುತ್ತಾರೆ ಅವರು, ಕಾಯಿಲೆ,
ಹಸುವಿಗೆ, ಮಗುವಿಗೆ ಅನ್ನುವಂತೆ.
ಬಗ್ಗಿಸಿದರೆ ಹರಿಯುವುದಿಲ್ಲ, ಜೋಲುತ್ತದೆ.
ಬೆರಳ ನಡುವೆ ಹಿಡಿದರೆ ಒಂದೆಳೆ ದಾಟಿ ಎರಡೆಳೆ ಪಾಕ.
ಎಳ್ಳಿದ್ದಿದ್ದರೆ ಉಂಡೆ ಕಟ್ಟಬಹುದಿತ್ತು.
ವಾನ್ನೆಸ್ ಊಟ ಬಿಟ್ಟ. ಬಿರಡೆ ಸರಿಯಾಗಿ ಬಡಿಯಲಿಲ್ಲವೇ,
ಕೊಳವೆಗೆ ಬಿಸಿನೀರು ಸಾಲಲಿಲ್ಲವೇ.
ಗೋಡೆಲೀವೆ ಪೀಪಾಯಿಯ ಹೊಟ್ಟೆಗೆ ಕಿವಿಯಿಟ್ಟಳು.
“ಮಲಗಿದೆ. ಎಬ್ಬಿಸಬೇಡ.”

ಅದೇ ವಾರ ಕಂಪನಿಯ ಫಿಲಿಬೆರ್ಟ್ ಬಂದ, ಮೂರನೇ ಸಲ,
ಮೋಡವಿಲ್ಲದ ದಿನ ಕೊಡೆ ಹಿಡಿದು.
ಹೆಸರು ನಿಮ್ಮದೇ ಇರುತ್ತದೆ ಎಂದ, ಗೋಡೆ ನಿಮ್ಮದೇ,
ನೀವೂ ಇರುತ್ತೀರಿ, ಸಂಬಳಕ್ಕೆ.
ಕಾಗದದಲ್ಲಿ ಸೊನ್ನೆಗಳು ಒತ್ತೊತ್ತಾಗಿ ಕೂತಿದ್ದವು.
ಹೆಂಚು ಬದಲಿಸಬೇಕು. ಮೂರು ಪೀಪಾಯಿ ಸೋರುತ್ತವೆ.
ಬೆಳಗಿನ ಹೊತ್ತು ಅವಳ ಸೊಂಟ ಬಗ್ಗುವುದಿಲ್ಲ.
ಪೆನ್ನು ಅವಳ ಕೈಯಲ್ಲಿತ್ತು, ಅಷ್ಟು ವಾನ್ನೆಸ್ ಕಂಡಿದ್ದಾನೆ.

ಮೊದಲು ಒಂದು ಗುಟುಕು, ಅಂದಳು.
ಹತ್ತಕ್ಕೆ ಹೋಗಬೇಕಿದ್ದ ಕೈ
ಒಂಬತ್ತಕ್ಕೆ ಹೋಯಿತು.
ಬೇಕೆಂದೇ? ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಾಳೆ.
ಅವನು ಲೋಟ ಎತ್ತಿದ. ಬಿಯರು ಬರಲಿಲ್ಲ.
ಇನ್ನೂ ಎತ್ತಿದ. ಒಟ್ಟಿಗೇ ಬಂತು,
ತುಟಿಯಿಂದ ಟೈಯವರೆಗೆ ಒಂದೇ ಎಳೆ.
“ಕೆಟ್ಟಿದೆಯಲ್ಲ!”
“ಹೌದು.”
ಸರಿಹೋಗುವುದೇ ಎಂದು ಅವನು ಕೇಳಲಿಲ್ಲ.
ಕೇಳದ್ದಕ್ಕೆ ಅವಳು ಉತ್ತರ ಕೊಡುವವಳಲ್ಲ.
ಇಷ್ಟು ಹುಳಿ ತುಂಬಿದ ಮನೆಯಲ್ಲಿ
ವ್ಯವಹಾರಕ್ಕೆ ಹುಳಿ ಹಿಂಡಲು
ಲೋಳೆ ಬೇಕಾಯಿತು.

ಚಳಿ ಬಂದು ಹೋಯಿತು. ಹೊಸ ಹಬೆ, ಹೊಸ ನೆಂಟರು.
ಏಪ್ರಿಲಿನ ಒಂದು ಬೆಳಿಗ್ಗೆ ವಾನ್ನೆಸ್ ಒಂಬತ್ತರ ಬಿರಡೆ ಕಿತ್ತ.
ಲೋಟಕ್ಕೆ ಬಿತ್ತು ಸದ್ದು ಮಾಡುತ್ತ, ನೀರಿನಷ್ಟು ಸಲೀಸು,
ತರಚಿದ ಮೊಣಕಾಲಿನ ಕೆಂಪು.
ಮೊದಲು ಹುಳಿ, ದವಡೆಯ ಮೂಲೆಗೆ.
ಆಮೇಲೆ ಒಣಹುಲ್ಲು, ಬೆವೆತ ಕುದುರೆಯ ಬೆನ್ನು,
ತುಂಬ ತಡವಾಗಿ ಬಾದಾಮಿ. ಅದು ಬೀಜ ಕೊಟ್ಟದ್ದು.
ಅತ್ತನೋ, ಹುಳಿಗೆ ಕಣ್ಣು ತುಂಬಿತೋ,
ಅವಳು ಆ ಕಡೆ ನೋಡಲಿಲ್ಲ.
“ಹೆಂಚಿನವನಿಗೆ ಫೋನ್ ಮಾಡು. ಈ ವರ್ಷ ಅರ್ಧ ಸೂರು ಸಾಕು.
ಹಳೆಯ ಹೆಂಚು ಎಸೆಯಬೇಡ ಅನ್ನು, ಒಳಗೇ ಪೇರಿಸಲಿ.”

ಪೀಪಾಯಿಯ ತಳದಲ್ಲಿ ಉಳಿದದ್ದು ಬೀಜ.
ತೊಳೆದು, ಬಿಸಿಲಿಗೆ ಹರವಿ ಕೊಟ್ಟರೆ
ಎದುರುಮನೆಯ ಲುತ್‌ಗಾರ್ಡ್ ಚೀಲದಲ್ಲಿ ತುಂಬಿ ಹೊಲಿಯುತ್ತಾಳೆ.
ಒಲೆಯಲ್ಲಿ ಹತ್ತು ನಿಮಿಷ. ಸೊಂಟಕ್ಕೆ ಶಾಖ.
ಸಂಜೆ ಅದಕ್ಕೆ ಒರಗಿ ಗೋಡೆಲೀವೆ ಲೆಕ್ಕ ಬರೆಯುತ್ತಾಳೆ,
ಅಲುಗಿದಾಗಲೆಲ್ಲ ಬೆನ್ನ ಹಿಂದೆ ಕಟಕಟ.
ಇನ್ನೂ ಹುಳಿ ವಾಸನೆ ಇದಕ್ಕೆ, ಎಂದು ದೂರುತ್ತಾಳೆ.
ಇನ್ನೊಮ್ಮೆ ತೊಳೆದು ಕೊಡಲೇ, ಎಂದರೆ
ಬೇಡ.